ಹಿರಿಯ ದಂಪತಿಯಾಗಿ ಮಿಷನರಿ ಸೇವೆ: ಅಕ್ರಾಕ್ಕೆ ಕರೆ ಬಂದಿದೆ, ಹೊರಡುವ ಮುನ್ನ ಏನೆಲ್ಲ ಆಗಬೇಕು?

ಹೊರಡಲಿರುವವರು (ಪ್ರಶ್ನೆ)

ಮಾನ್ಯರೇ,

ಅಮೆರಿಕದಲ್ಲಿ ನೆಲೆಸಿರುವ ನಾವು ಗಂಡ ಹೆಂಡತಿ ಇಬ್ಬರೂ ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಸಭೆಯ ಸದಸ್ಯರು. ನನಗೆ 67 ವರ್ಷ, ನನ್ನ ಪತ್ನಿಗೆ 64. ನಾನು ನಿವೃತ್ತನಾಗಿ ಎರಡು ವರ್ಷವಾಯಿತು. ಅವರು ಶಾಲೆಯೊಂದರ ಲೆಕ್ಕಪತ್ರ ವಿಭಾಗದ ಕೆಲಸವನ್ನು ಕಳೆದ ಬೇಸಿಗೆಯಲ್ಲಿ ಬಿಟ್ಟರು. ನಮ್ಮ ಸ್ಥಳೀಯ ಸಭೆಯ ಮುಖ್ಯಸ್ಥರಾದ ಬಿಷಪ್ ಮತ್ತು ಅಂಥ ಹಲವು ಸಭೆಗಳ ಗುಂಪಾದ ಸ್ಟೇಕ್‌ನ ಅಧ್ಯಕ್ಷರ ಸಂದರ್ಶನಗಳು, ವೈದ್ಯರು ಹಾಗೂ ದಂತವೈದ್ಯರು ತುಂಬಿಕೊಡಬೇಕಾದ ನಮೂನೆಗಳು ಎಲ್ಲ ಮುಗಿದು ಹೋದ ವಾರ ಕರೆಪತ್ರ ಕೈಸೇರಿತು: ಘಾನಾ ದೇಶದ ಅಕ್ರಾ, 18 ತಿಂಗಳು, ಮಿಷನ್ ಕಚೇರಿಯ ಕೆಲಸ. ಹೊರಡುವುದಕ್ಕೆ ಇನ್ನು 11 ವಾರಗಳಿವೆ.

ಹಿರಿಯ ದಂಪತಿಗಳು ಅರ್ಜಿಯಲ್ಲಿ ತಮ್ಮ ಇಷ್ಟವನ್ನು ತಿಳಿಸಬಹುದಾದ್ದರಿಂದ ನಾವು ವಂಶಾವಳಿ ದಾಖಲೆಗಳ ಕೆಲಸವನ್ನು ಬರೆದಿದ್ದೆವು. ಬಂದದ್ದು ಬೇರೆ. ಅದರ ಬಗ್ಗೆ ಬೇಸರವಿಲ್ಲ, ಆದರೆ ಕಚೇರಿಯ ದಂಪತಿ ಎಂದರೆ ದಿನವಿಡೀ ಏನು ಮಾಡುತ್ತಾರೆ ಎಂಬುದು ನಮಗೆ ಸ್ಪಷ್ಟವಾಗಿಲ್ಲ. ಯೂಟಾದ ಪ್ರೋವೊ ತರಬೇತಿ ಕೇಂದ್ರದಲ್ಲಿ ನಮ್ಮ ವಯಸ್ಸಿನವರಿಗೆ ಒಂದು ವಾರದಷ್ಟೇ ತರಬೇತಿ ಎಂದು ಕೇಳಿದ್ದೇವೆ. ಯುವಕರು ಭಾಷೆಯನ್ನೂ ಕಲಿಯಬೇಕಾದರೆ ಅನೇಕ ವಾರ ಅಲ್ಲಿರುತ್ತಾರಲ್ಲವೇ, ನಮಗೆ ಇಷ್ಟೇ ಸಾಕಾಗುತ್ತದೆಯೇ? ನಾನಂತೂ ಶಾಸ್ತ್ರವಚನಗಳನ್ನು ಬಾಯಿಪಾಠ ಒಪ್ಪಿಸಬಲ್ಲವನಲ್ಲ. ಮನೆ, ಬ್ಯಾಂಕು, ವಿಮೆ, ಔಷಧ ಇವುಗಳನ್ನು ಯಾವ ಕ್ರಮದಲ್ಲಿ ಮುಗಿಸಿಕೊಳ್ಳಬೇಕೆಂದು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ನನ್ನ ಪತ್ನಿಯ ಪ್ರಶ್ನೆ ಬೇರೆಯೇ ಇದೆ. ನಾವು ಹೊರಟ ಮೂರನೆಯ ತಿಂಗಳಿಗೆ ನಮ್ಮ ಮಗಳ ಹೆರಿಗೆ. ಆಗ ತಾವು ಮಗಳ ಹತ್ತಿರ ಇರಲು ಸಾಧ್ಯವೇ, ಸಾಧ್ಯವಿಲ್ಲದಿದ್ದರೆ ಅದನ್ನು ಮಗಳಿಗೆ ಹೇಗೆ ಹೇಳುವುದು ಎಂದು ಅವರು ಕೇಳುತ್ತಿದ್ದಾರೆ. ನನ್ನ ಬಳಿ ಉತ್ತರವಿಲ್ಲದೆ ಇಲ್ಲಿ ಬರೆಯುತ್ತಿದ್ದೇನೆ.

ಅಕ್ರಾದಿಂದ ಮರಳಿದವರು

ಸಹೋದರರೇ, ಅಭಿನಂದನೆಗಳು. ನಾವಿಬ್ಬರೂ ಅದೇ ಊರಿನಲ್ಲಿ 23 ತಿಂಗಳು ಇದ್ದು ಬಂದವರು. ಮೊದಲಿಗೆ ನಿಮ್ಮ ಪತ್ನಿಯವರ ಪ್ರಶ್ನೆಗೇ ಬರುತ್ತೇನೆ, ಏಕೆಂದರೆ ನೀವು ಕೊನೆಯಲ್ಲಿ ಬರೆದದ್ದು ನಿಮ್ಮ ಮನೆಯಲ್ಲಿ ಮೊದಲು ಬಗೆಹರಿಯಬೇಕಾದ ವಿಷಯ. ಯುವ ಮಿಷನರಿಗಳಿಗಿರುವ ಕಟ್ಟುಪಾಡುಗಳೆಲ್ಲ ಹಿರಿಯರಿಗೆ ಅನ್ವಯಿಸುವುದಿಲ್ಲ. ಯುವಕರು ಮನೆಯವರೊಡನೆ ವಾರಕ್ಕೊಮ್ಮೆ ಮಾತನಾಡಲು ಅನುಮತಿ ಸಿಕ್ಕಿದ್ದೇ 2019ರಲ್ಲಿ; ನಮಗಾದರೋ ಕೆಲಸ ಕೆಡದಂತೆ ಮಕ್ಕಳು ಮೊಮ್ಮಕ್ಕಳೊಡನೆ ಬೇಕಾದಾಗ ಮಾತನಾಡುವ ಸ್ವಾತಂತ್ರ್ಯವಿದೆ. ಕುಟುಂಬದ ಮುಖ್ಯ ಸಂದರ್ಭಕ್ಕೆ ಆ ಪ್ರದೇಶದ ಮಿಷನರಿಗಳ ಮುಖ್ಯಸ್ಥರಾದ ಮಿಷನ್ ಅಧ್ಯಕ್ಷರ ಒಪ್ಪಿಗೆ ಪಡೆದು ಸ್ವಂತ ಖರ್ಚಿನಲ್ಲಿ ಕೆಲವು ದಿನಗಳ ಮಟ್ಟಿಗೆ ಊರಿಗೆ ಹೋಗಿ ಬಂದ ದಂಪತಿಗಳನ್ನು ನಾವು ಕಂಡಿದ್ದೇವೆ. ಆದ್ದರಿಂದ ಹೊರಡುವ ಮುನ್ನವೇ ಅಧ್ಯಕ್ಷರಿಗೆ ಪತ್ರ ಬರೆದು ಹೆರಿಗೆಯ ದಿನಾಂಕವನ್ನು ತಿಳಿಸಿಬಿಡಿ. ಅಲ್ಲಿ ಹೋಗಿ ಎರಡು ತಿಂಗಳಾದ ಮೇಲೆ ಸಂಕೋಚದಿಂದ ಕೇಳುವುದು ಎಲ್ಲರಿಗೂ ಕಷ್ಟ.

ಹೆರಿಗೆಗೆ ಬಾಣಂತನಕ್ಕೆ ತಾಯಿ ಬಾರದಿದ್ದರೆ ಮಗಳು ಏನೆಂದುಕೊಂಡಾಳು ಎಂಬ ಸಂಕಟ ನನ್ನ ಹೆಂಡತಿಗೂ ಇತ್ತು. ಅವಳು ಮಾಡಿದ್ದು ಇಷ್ಟು: ಮಗಳನ್ನು ಕೂರಿಸಿಕೊಂಡು "ನಾನು ಬರುವುದಿಲ್ಲ" ಎಂದು ಹೇಳದೆ, "ಯಾವ ವಾರ ನಾನಿದ್ದರೆ ನಿನಗೆ ಹೆಚ್ಚು ಅನುಕೂಲ?" ಎಂದು ಕೇಳಿದಳು. ಮಗಳು ಹೇಳಿದ್ದು ಹೆರಿಗೆಯ ವಾರವಲ್ಲ, ಅಳಿಯನ ರಜೆ ಮುಗಿದ ನಂತರದ ವಾರ. ನಮಗೆ ಅದು ಹೊಳೆದೇ ಇರಲಿಲ್ಲ.

ಇನ್ನು ಕಚೇರಿಯ ಕೆಲಸ. ಮಿಷನ್ ಕಚೇರಿಯೆಂದರೆ ಹಲವಾರು ಯುವಕ ಯುವತಿಯರ ಸಂಸಾರ ನಡೆಯುವ ಜಾಗ. ಅವರು ವಾಸಿಸುವ ಮನೆಗಳ ಬಾಡಿಗೆ ಕರಾರು, ವೀಸಾ ಮತ್ತು ವಾಸ್ತವ್ಯದ ಪರವಾನಗಿಗಳ ನವೀಕರಣ, ವಾಹನಗಳ ದುರಸ್ತಿ, ಬಂದ ಅಂಚೆ, ಆರು ವಾರಕ್ಕೊಮ್ಮೆ ಆಗುವ ವರ್ಗಾವಣೆಗಳಲ್ಲಿ ಯಾರನ್ನು ಎಲ್ಲಿಂದ ಎಲ್ಲಿಗೆ ಕಳುಹಿಸಬೇಕೆಂಬ ಏರ್ಪಾಡು, ಇವೆಲ್ಲವೂ ನಿಮ್ಮ ಮೇಜಿಗೇ ಬರುತ್ತವೆ. ನಿಮ್ಮ ಪತ್ನಿಯವರಿಗೆ ಲೆಕ್ಕಪತ್ರ ಗೊತ್ತು ಎಂದಿರಿ. ಬಹುಶಃ ಕರೆ ಬಂದದ್ದು ಅವರಿಗೆ, ನೀವು ಅವರ ಜೊತೆಗೆ ಹೊರಟಿದ್ದೀರಿ ಎಂದುಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ನಾನು ಮೂವತ್ತು ವರ್ಷ ಇಲಾಖೆಯೊಂದನ್ನು ನಡೆಸಿದವನು, ಅಲ್ಲಿ ಮೊದಲ ತಿಂಗಳು ಹೆಂಡತಿ ಹೇಳಿದ ಕಡತಗಳನ್ನು ಜೋಡಿಸಿಟ್ಟೆ.

ತರಬೇತಿಯ ಬಗ್ಗೆ ಆತಂಕ ಬೇಡ. ಪ್ರೋವೊದಲ್ಲಿ ಬೆಳಗಿನಿಂದ ಸಂಜೆಯವರೆಗೆ ತರಗತಿಗಳಿರುತ್ತವೆ, ಪಾಠ ಹೇಳುವವರು ನಿಮ್ಮ ಮೊಮ್ಮಕ್ಕಳ ವಯಸ್ಸಿನವರು. ಯಾರೂ ಬಾಯಿಪಾಠ ಒಪ್ಪಿಸಲು ಹೇಳುವುದಿಲ್ಲ. ಒಬ್ಬರ ಮಾತನ್ನು ಪೂರ್ತಿ ಕೇಳಿ, ನಂಬಿಕೆಯ ಬಗ್ಗೆ ನಿಮ್ಮದೇ ಮಾತಿನಲ್ಲಿ ಎರಡು ನಿಮಿಷ ಹೇಳುವುದನ್ನು ಜೋಡಿಯಾಗಿ ಅಭ್ಯಾಸ ಮಾಡಿಸುತ್ತಾರೆ, ಮತ್ತು ಅಲ್ಲಿ ನಮ್ಮ ವಯಸ್ಸಿನವರೆಲ್ಲ ಎಡವುವುದು ಒಂದೇ ಕಡೆ: ಗಂಡ ಮಾತಾಡುತ್ತಲೇ ಇರುತ್ತಾನೆ, ಹೆಂಡತಿಗೆ ಸರದಿಯೇ ಬರುವುದಿಲ್ಲ. ಕಚೇರಿಗೆ ಹೋಗುವವರಿಗೆ ಆ ವಾರದ ನಂತರ ಇನ್ನೂ ಕೆಲವು ದಿನ ಕಂಪ್ಯೂಟರ್ ವ್ಯವಸ್ಥೆಯ ತರಬೇತಿ ಇರುತ್ತದೆ. ಟಿಪ್ಪಣಿ ಪುಸ್ತಕ ಒಯ್ಯಿರಿ.

ಒಂದು ಹಳೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ಪಶ್ಚಿಮ ಆಫ್ರಿಕಾದಲ್ಲಿ ನಮ್ಮ ಸಭೆಯ ಅಧಿಕೃತ ಕೆಲಸ ಶುರುವಾದದ್ದೇ ಇಬ್ಬರು ಹಿರಿಯ ದಂಪತಿಗಳಿಂದ. 1978ರ ಜೂನ್‌ನಲ್ಲಿ ಪೌರೋಹಿತ್ಯ ಎಲ್ಲ ಜನಾಂಗದವರಿಗೂ ದೊರಕಿದ ಮೇಲೆ, ಆ ವರ್ಷದ ನವೆಂಬರ್‌ನಲ್ಲಿ ಮೇಬೀ ದಂಪತಿ ಮತ್ತು ಕ್ಯಾನನ್ ದಂಪತಿ ನೈಜೀರಿಯಾಕ್ಕೆ ಬಂದರು. ಡಿಸೆಂಬರ್‌ನಲ್ಲಿ ಘಾನಾದ ಕೇಪ್ ಕೋಸ್ಟ್‌ನಲ್ಲಿ ದೀಕ್ಷಾಸ್ನಾನಗಳು ನಡೆದವು. ರೆಂಡೆಲ್ ಮೇಬೀ ಅವರಿಗೆ ಆಗ 70 ವರ್ಷ. ಆದರೆ ಅವರು ಹೋದದ್ದು ಖಾಲಿ ನೆಲಕ್ಕಲ್ಲ: ಜೋಸೆಫ್ ವಿಲಿಯಂ ಬಿಲ್ಲಿ ಜಾನ್ಸನ್ ಎಂಬ ಘಾನಾದವರು 1964ರಿಂದಲೇ ಕೈಗೆ ಸಿಕ್ಕ ಪುಸ್ತಕಗಳನ್ನು ಓದಿ, ಯಾವ ಮಿಷನರಿಯೂ ಇಲ್ಲದೆ ಸಭೆಗಳನ್ನು ಕಟ್ಟಿ ಕಾದಿದ್ದರು. 1989ರ ಜೂನ್‌ನಿಂದ 1990ರ ನವೆಂಬರ್‌ವರೆಗೆ ಸರ್ಕಾರವೇ ನಮ್ಮ ಸಭೆಯ ಚಟುವಟಿಕೆಗಳನ್ನು ನಿಲ್ಲಿಸಿದ್ದಾಗ ಅಲ್ಲಿನ ಸದಸ್ಯರು ಮನೆಮನೆಗಳಲ್ಲೇ ಆರಾಧನೆ ಮುಂದುವರಿಸಿದರು. ಅಕ್ರಾದಲ್ಲಿ 2004ರಲ್ಲಿ ಪ್ರತಿಷ್ಠಾಪನೆಯಾದ ದೇವಾಲಯಕ್ಕೆ ನೀವು ಹೋದಾಗ ಪಕ್ಕದಲ್ಲಿ ಕುಳಿತ ಹಿರಿಯರು ಆ ಕಾಲವನ್ನು ಕಂಡವರಿರಬಹುದು. ಅವರಿಗೆ ಕಲಿಸಲು ಹೋಗುತ್ತಿದ್ದೇವೆ ಎಂಬ ಭಾವನೆಯಿದ್ದರೆ ವಿಮಾನ ಹತ್ತುವ ಮೊದಲೇ ಇಳಿಸಿಬಿಡಿ.

ನಿವೃತ್ತ ವೈದ್ಯೆ

ಮೇಲಿನವರು ಔಷಧದ ವಿಷಯವನ್ನು ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 11 ವಾರ ಎಂದರೆ ಸಾಕಷ್ಟು ಸಮಯ, ಆದರೆ ಇವತ್ತೇ ಶುರುಮಾಡಿದರೆ ಮಾತ್ರ.

ಘಾನಾ ಪ್ರವೇಶಕ್ಕೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕಡ್ಡಾಯ. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಅದು ಊರ್ಜಿತವಾಗುತ್ತದೆ, ಆಮೇಲೆ ಜೀವನಪೂರ್ತಿ ಸಲ್ಲುತ್ತದೆ. ಆದರೆ ನೀವಿಬ್ಬರೂ 60 ದಾಟಿದವರು, ಮತ್ತು ಈ ಲಸಿಕೆಯನ್ನು ಮೊದಲ ಬಾರಿ ಹಾಕಿಸಿಕೊಳ್ಳುವ 60 ದಾಟಿದವರಲ್ಲಿ ಗಂಭೀರವಾದ ಅಡ್ಡಪರಿಣಾಮಗಳು ಕಿರಿಯರಿಗಿಂತ ಹೆಚ್ಚು. ಅಪರೂಪವೇ ಹೌದು, ಆದರೂ ಔಷಧದಂಗಡಿಗೆ ಹೋಗಿ ಚುಚ್ಚಿಸಿಕೊಂಡು ಬರುವ ವಿಷಯವಲ್ಲ. ಪ್ರವಾಸ ವೈದ್ಯಕೀಯ ಬಲ್ಲ ವೈದ್ಯರ ಮುಂದೆ ಕುಳಿತು, ಥೈಮಸ್ ಗ್ರಂಥಿಯ ತೊಂದರೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳು, ಮೊಟ್ಟೆಯ ಅಲರ್ಜಿ ಇವುಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಿ ನಿರ್ಧರಿಸಬೇಕು. ಲಸಿಕೆ ಸಲ್ಲದೆಂದು ವೈದ್ಯರು ಕಂಡರೆ ವಿನಾಯಿತಿ ಪತ್ರ ಬರೆದುಕೊಡುವುದುಂಟು, ಆದರೆ ಅದನ್ನು ಒಪ್ಪುವುದು ಬಿಡುವುದು ಆ ದೇಶದ ಅಧಿಕಾರಿಗಳ ಕೈಯಲ್ಲಿದೆ. ಹಾಗಾದಲ್ಲಿ ಮಿಷನರಿ ಇಲಾಖೆಗೆ ತಕ್ಷಣ ತಿಳಿಸಿ.

ಮಲೇರಿಯಾ ತಡೆಗಟ್ಟುವ ಮಾತ್ರೆಗಳಲ್ಲಿ ಆಯ್ಕೆಗಳಿವೆ. ಅಟೊವಕ್ವೋನ್-ಪ್ರೊಗ್ವಾನಿಲ್ ಅನ್ನು ಪ್ರಯಾಣಕ್ಕೆ ಒಂದೆರಡು ದಿನ ಮೊದಲು ಶುರುಮಾಡಿದರೆ ಸಾಕು. ಮೆಫ್ಲೊಕ್ವಿನ್ ವಾರಕ್ಕೊಂದೇ ಆದರೂ ಕನಿಷ್ಠ ಎರಡು ವಾರ ಮೊದಲು ಶುರುವಾಗಬೇಕು ಮತ್ತು ಖಿನ್ನತೆ, ಅಪಸ್ಮಾರ ಅಥವಾ ಹೃದಯ ಬಡಿತದ ತೊಂದರೆ ಇದ್ದವರಿಗೆ ಹೊಂದುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಪ್ರೊಗ್ವಾನಿಲ್ ಮತ್ತು ಡಾಕ್ಸಿಸೈಕ್ಲಿನ್ ಎರಡೂ ಅದರ ಪ್ರಭಾವವನ್ನು ಹೆಚ್ಚಿಸಬಲ್ಲವು, ಆದ್ದರಿಂದ ಈಗಲೇ ವೈದ್ಯರಿಗೆ ಹೇಳಿ. ಸೊಳ್ಳೆಪರದೆಯನ್ನು ಮಾತ್ರ ಯಾವ ಮಾತ್ರೆಯೂ ಅನಗತ್ಯವಾಗಿಸುವುದಿಲ್ಲ.

ನಿತ್ಯದ ಔಷಧಗಳ ಪಟ್ಟಿಯನ್ನು ಕಂಪನಿಯ ಹೆಸರಿನಲ್ಲಲ್ಲ, ಮೂಲ ಔಷಧದ ಹೆಸರಿನಲ್ಲಿ ಬರೆಸಿಕೊಳ್ಳಿ. ಮಾತ್ರೆಗಳು ಮೂಲ ಡಬ್ಬಿಗಳಲ್ಲೇ ಇರಲಿ, ಕೈಚೀಲದಲ್ಲೇ ಇರಲಿ. ಎರಡನೆಯ ಕನ್ನಡಕ ಮರೆಯಬೇಡಿ.

ಹಳೆಯ ಸ್ಟೇಕ್ ಗುಮಾಸ್ತ

ಹಣಕಾಸಿನ ಬಗ್ಗೆ ಕೇಳಿದ್ದೀರಿ. ಯುವ ಮಿಷನರಿಗಳಿಗೆ ಊರು ಯಾವುದೇ ಆದರೂ ತಿಂಗಳ ಕಾಣಿಕೆ ಒಂದೇ ಸಮ; ಅಮೆರಿಕದಲ್ಲಿ 2020ರ ಜುಲೈನಿಂದ ಅದು 500 ಡಾಲರ್ ಆಯಿತು. ಹಿರಿಯ ದಂಪತಿಗಳ ಲೆಕ್ಕ ಹಾಗಲ್ಲ, ಊಟ, ವಸತಿ, ವಿಮೆ ಎಲ್ಲ ತಮ್ಮದೇ, ಹಾಗಾಗಿ ಊರಿನಿಂದ ಊರಿಗೆ ಮೊತ್ತ ಬದಲಾಗುತ್ತದೆ. ವಸತಿಯ ಭಾರ ಮಿತಿಮೀರದಿರಲೆಂದು 2011ರಲ್ಲಿ ತಿಂಗಳಿಗೆ 1,400 ಡಾಲರ್ ಗರಿಷ್ಠ ಮಿತಿಯನ್ನು ತಂದರು. ನಿಮ್ಮ ಮಿಷನ್‌ಗೆ ಈಗ ಅನ್ವಯಿಸುವ ಅಂದಾಜು ಕರೆಪತ್ರದ ಜೊತೆಯ ಕಾಗದಗಳಲ್ಲಿ ಸಿಗುತ್ತದೆ. ಅದರ ಮೇಲೆ ಕೈತಪ್ಪಿದ ಖರ್ಚಿಗೆಂದು ಸ್ವಲ್ಪ ಇಟ್ಟುಕೊಳ್ಳಿ.

ನೀವು 65 ದಾಟಿರುವುದರಿಂದ ಅಮೆರಿಕ ಸರ್ಕಾರದ ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್ ಪ್ರಶ್ನೆ ಬರುತ್ತದೆ. ಮೆಡಿಕೇರ್ ಸಾಮಾನ್ಯವಾಗಿ ಅಮೆರಿಕದ ಹೊರಗಿನ ಚಿಕಿತ್ಸೆಗೆ ಹಣ ಕೊಡುವುದಿಲ್ಲ, ಅದಕ್ಕಾಗಿಯೇ ವಿದೇಶಕ್ಕೆ ಹೋಗುವ ಹಿರಿಯರಿಗೆ ಸಭೆಯ ಪ್ರತ್ಯೇಕ ವೈದ್ಯಕೀಯ ಯೋಜನೆಯಿದೆ. ಹಾಗಾದರೆ ಮೆಡಿಕೇರ್‌ನ ಭಾಗ ಬಿ, ಅಂದರೆ ವೈದ್ಯರ ಶುಲ್ಕಕ್ಕೆ ಸಲ್ಲುವ ಭಾಗದ, ಕಂತನ್ನು ಸುಮ್ಮನೆ ಏಕೆ ಕಟ್ಟಬೇಕೆಂದು ಹಲವರು ನಿಲ್ಲಿಸಿಬಿಡುತ್ತಾರೆ. ನಿಲ್ಲಿಸುವ ಮೊದಲು ನಿಯಮ ತಿಳಿದಿರಲಿ: ಭಾಗ ಬಿ ಇಲ್ಲದೆ ಕಳೆದ ಪ್ರತಿ ಪೂರ್ಣ 12 ತಿಂಗಳಿಗೆ ಕಂತು ಶೇ. 10ರಷ್ಟು ಶಾಶ್ವತವಾಗಿ ಏರುವ ದಂಡವಿದೆ. ತೆರಿಗೆ ವಿನಾಯಿತಿ ಪಡೆದ ಸಂಸ್ಥೆಯ ಪರವಾಗಿ ಕನಿಷ್ಠ 12 ತಿಂಗಳು ವಿದೇಶದಲ್ಲಿ ಸ್ವಯಂಸೇವೆ ಮಾಡುತ್ತ, ಆ ಅವಧಿಯಲ್ಲಿ ಬೇರೆ ಆರೋಗ್ಯ ವಿಮೆ ಹೊಂದಿದ್ದವರಿಗೆ ಮಾತ್ರ ಮುಗಿದ ಮೇಲೆ ದಂಡವಿಲ್ಲದೆ ಮರಳಿ ಸೇರಲು ಆರು ತಿಂಗಳ ವಿಶೇಷ ಅವಧಿ ಸಿಗುತ್ತದೆ. ಆದ್ದರಿಂದ ವಿಮೆಯ ಕಾಗದ ಮತ್ತು ಸೇವೆಯ ಆರಂಭ, ಮುಕ್ತಾಯದ ಪತ್ರಗಳನ್ನು ಜೋಪಾನ ಮಾಡಿ. ಆರು ತಿಂಗಳ ಸೇವೆಗೆ ಹೋದ ಪರಿಚಯದವರೊಬ್ಬರು ಈ ಭೇದ ತಿಳಿಯದೆ ಕಂತು ನಿಲ್ಲಿಸಿ ಇಕ್ಕಟ್ಟಿಗೆ ಸಿಲುಕಿದರು.

ಉಯಿಲು ಬರೆಸಿ. ಮಕ್ಕಳಲ್ಲೊಬ್ಬರಿಗೆ ಮುಖ್ತ್ಯಾರು ಪತ್ರ ಕೊಡಿ, ಮತ್ತು ನಿಮಗೆ ಪ್ರಜ್ಞೆ ತಪ್ಪಿದರೂ ಊರ್ಜಿತವಾಗಿ ಉಳಿಯುವ ಡ್ಯೂರಬಲ್ ಮಾದರಿಯದ್ದೇ ಎಂದು ವಕೀಲರ ಬಳಿ ಖಚಿತಪಡಿಸಿಕೊಳ್ಳಿ. ಮನೆಯನ್ನು ಬೀಗ ಹಾಕಿ ಹೋಗುವುದಾದರೆ ವಿಮಾ ಕರಾರನ್ನು ತೆಗೆದು ಓದಿ. ಮನೆ 30 ಅಥವಾ 60 ದಿನಕ್ಕಿಂತ ಹೆಚ್ಚು ಖಾಲಿ ಬಿದ್ದಿದ್ದರೆ ಹಲವು ನಷ್ಟಗಳಿಗೆ ಪರಿಹಾರವಿಲ್ಲವೆಂಬ ಷರತ್ತು ಸಾಮಾನ್ಯವಾಗಿ ಒಳಪುಟಗಳಲ್ಲಿ ಅಡಗಿರುತ್ತದೆ. ಕೊನೆಯದಾಗಿ ಎಲ್ಲರೂ ಮರೆಯುವ ಒಂದು ಸಣ್ಣ ವಿಷಯ: ಬ್ಯಾಂಕಿನ ರಹಸ್ಯ ಸಂಖ್ಯೆ ಇಲ್ಲಿನ ಮೊಬೈಲ್ ನಂಬರಿಗೇ ಬರುತ್ತದೆ. ಆ ನಂಬರನ್ನು ರದ್ದುಮಾಡಿ ಹೋದರೆ ನಿಮ್ಮ ಹಣವೇ ನಿಮಗೆ ಸಿಗುವುದಿಲ್ಲ.

ಬೇಗ ಮರಳಿದವರು

ಎಲ್ಲರೂ ಉತ್ಸಾಹ ತುಂಬುತ್ತಿರುವಾಗ ಅಪಸ್ವರ ಎನಿಸಬಹುದು, ಆದರೂ ಹೇಳಬೇಕಾಗಿದೆ. ನಾವು 18 ತಿಂಗಳಿಗೆಂದು ಹೊರಟು ಏಳನೆಯ ತಿಂಗಳಿಗೆ ಮರಳಿದೆವು. ನನ್ನ ಪತಿಯ ಮೊಣಕಾಲು ನೋವನ್ನು ನಾವೇ ವೈದ್ಯಕೀಯ ನಮೂನೆಯಲ್ಲಿ ಹಗುರ ಮಾಡಿ ಬರೆಸಿದ್ದೆವು, ಕರೆ ತಪ್ಪಿಹೋದೀತೆಂಬ ಭಯದಿಂದ. ಆ ನಮೂನೆಗಳನ್ನು ನೋಡಿಯೇ ಯಾರಿಗೆ ಎಂಥ ಆಸ್ಪತ್ರೆ ಹತ್ತಿರವಿರುವ ಊರು ಬೇಕೆಂದು ತೀರ್ಮಾನಿಸುತ್ತಾರೆ. ನಾವು ಸುಳ್ಳು ಹೇಳಿದ್ದು ನಮಗೇ. ಲಿಫ್ಟ್ ಇಲ್ಲದ ಮೂರನೆಯ ಮಹಡಿಯ ಮನೆ ಸಿಕ್ಕಿತು.

ಈಗ ನಾವು ಮನೆಯಲ್ಲೇ ಇದ್ದುಕೊಂಡು, ವಾರದಲ್ಲಿ ಕೆಲವು ದಿನ ಸೇವಾ ಮಿಷನರಿಗಳಾಗಿ ಹಳೆಯ ದಾಖಲೆಗಳಿಗೆ ಸೂಚಿ ಮಾಡುತ್ತಿದ್ದೇವೆ. 1894ರಲ್ಲಿ ಆರಂಭವಾದ ಯೂಟಾದ ವಂಶಾವಳಿ ಸಂಘದಿಂದ ಬೆಳೆದು ಬಂದ, ನಮ್ಮ ಸಭೆಯ ವಂಶಾವಳಿ ಸಂಸ್ಥೆಯಾದ ಫ್ಯಾಮಿಲಿಸರ್ಚ್‌ನ ಕೆಲಸವದು; ಇದಕ್ಕೆ ಮೊಣಕಾಲು ಬೇಕಿಲ್ಲ. ನಿಮ್ಮ ನಮೂನೆಯಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಕರೆ ಬಂದ ಮೇಲೂ ತಿಳಿಸಬಹುದು, ತಿಳಿಸಿ.

ಹೊರಡಲಿರುವವರು

ಎಲ್ಲರಿಗೂ ಕೃತಜ್ಞತೆಗಳು. ಕೊನೆಯ ಉತ್ತರವನ್ನು ಓದಿದ ರಾತ್ರಿ ನನ್ನ ಹೆಂಡತಿ ನನ್ನ ಕಡೆ ನೋಡಿದರು. ನನಗೆ ಬಲಗಿವಿ ಸರಿಯಾಗಿ ಕೇಳಿಸದಿರುವುದನ್ನು ನಾನು ಬರೆಸಿರಲಿಲ್ಲ. ಮರುದಿನ ತಿಳಿಸಿದೆ. ಕರೆ ರದ್ದಾಗಲಿಲ್ಲ, ಶ್ರವಣಯಂತ್ರ ಮಾಡಿಸಿಕೊಂಡು ಹೆಚ್ಚುವರಿ ಬ್ಯಾಟರಿಗಳೊಂದಿಗೆ ಹೋಗಿ ಎಂಬ ಸಲಹೆ ಮಾತ್ರ ಬಂತು. ಹಳದಿ ಜ್ವರದ ಲಸಿಕೆಯೂ ತೊಂದರೆಯಿಲ್ಲದೆ ಆಯಿತು. ಮಿಷನ್ ಅಧ್ಯಕ್ಷರು ಪತ್ರಕ್ಕೆ ಎರಡೇ ಸಾಲಿನ ಉತ್ತರ ಬರೆದು, ಮಗಳ ವಿಷಯವನ್ನು ಬಂದ ಮೇಲೆ ಮಾತಾಡೋಣ, ಚಿಂತೆ ಬೇಡ ಎಂದಿದ್ದಾರೆ. ನಾಳಿದ್ದು ಸ್ಟೇಕ್ ಅಧ್ಯಕ್ಷರು ನಮ್ಮ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ, ನಮ್ಮನ್ನು ವಿಧಿವತ್ತಾಗಿ ಸೇವೆಗೆ ಮೀಸಲಿಡುತ್ತಾರೆ.

ಮನೆ ಮಾತ್ರ ಇನ್ನೂ ಕೈಬಿಡುತ್ತಿಲ್ಲ. ಬಿಸ್ಕತ್ತಿನ ಡಬ್ಬವೊಂದರಲ್ಲಿ ಇಪ್ಪತ್ತಮೂರು ಬೀಗದ ಕೈಗಳಿದ್ದವು. ನಾನು ಒಂದೊಂದಕ್ಕೂ ಚೀಟಿ ಕಟ್ಟುತ್ತ ಹೋದೆ. ಒಂಬತ್ತಕ್ಕೆ ಬೀಗ ಯಾವುದೆಂದೇ ನಮಗೆ ತಿಳಿಯಲಿಲ್ಲ. ಅವನ್ನೂ ಚೀಟಿ ಕಟ್ಟಿ ಮಗನಿಗೇ ಕೊಟ್ಟೆ.

ಹೊರಟವರ ಮನೆಯಾಕೆ (ಐದು ವಾರಗಳ ನಂತರ)

ನಮಸ್ಕಾರ. ಈ ಬಾರಿ ನಾನೇ ಬರೆಯುತ್ತಿದ್ದೇನೆ, ನನ್ನವರು ಚಾಲಕರೊಡನೆ ವಾಹನದ ಟೈರು ಬದಲಿಸಲು ಹೋಗಿದ್ದಾರೆ.

ಪ್ರೋವೊದಲ್ಲಿ ಎದೆಗೆ ಧರಿಸುವ ಕಪ್ಪು ಹೆಸರುಫಲಕ ಕೊಟ್ಟಾಗ ಅದರಲ್ಲಿ "ಸಿಸ್ಟರ್" ಎಂದು ನನ್ನ ಹೆಸರಿಗೆ ಮೊದಲು ಅಚ್ಚಾಗಿತ್ತು. ನಲವತ್ತು ವರ್ಷ ಹೆಸರು ಹಿಡಿದು ಕರೆದವರು ಅಂದು ಸಂಜೆ ಊಟದ ಸಾಲಿನಲ್ಲಿ ನನ್ನನ್ನು ಸಿಸ್ಟರ್ ಎಂದು ಕರೆದು ತಾವೇ ನಕ್ಕರು. ಅಭ್ಯಾಸದ ಪಾಠದಲ್ಲಿ, ಮೇಲಿನ ಹಿರಿಯರು ಹೇಳಿದಂತೆಯೇ, ಅವರು ಮಾತು ನಿಲ್ಲಿಸಲಿಲ್ಲ. ಎರಡನೆಯ ದಿನ ನಾವು ಒಂದು ಒಪ್ಪಂದ ಮಾಡಿಕೊಂಡೆವು: ನಾನು ಮೇಜಿನ ಮೇಲೆ ಪೆನ್ನನ್ನು ಅಡ್ಡ ಇಟ್ಟರೆ ಅವರ ಸರದಿ ಮುಗಿಯಿತೆಂದು ಅರ್ಥ. ಇಲ್ಲಿಯೂ ಅದೇ ನಡೆಯುತ್ತಿದೆ.

ಅಕ್ರಾಕ್ಕೆ ಬಂದ ಮೊದಲ ವಾರ ನಾನು ಅತ್ತೆ. ಕೆಲಸ ಹೆಚ್ಚೆಂದಲ್ಲ, ಯಾರೂ ಏನನ್ನೂ ಹೇಳುತ್ತಿರಲಿಲ್ಲ. ನಮಗಿಂತ ಮೊದಲಿದ್ದ ದಂಪತಿ ಮೂರು ವಾರ ಮುಂಚೆಯೇ ಹೊರಟುಹೋಗಿದ್ದರು, ಕಪಾಟಿನ ತುಂಬ ಬಾಡಿಗೆ ಕರಾರುಗಳು, ಕೆಲವಕ್ಕೆ ದಿನಾಂಕವಿದೆ, ಕೆಲವಕ್ಕೆ ಇಲ್ಲ. ನಾನು ಶಾಲೆಯಲ್ಲಿ ಮಾಡುತ್ತಿದ್ದಂತೆ ಎಲ್ಲವನ್ನೂ ನೆಲದ ಮೇಲೆ ಹರಡಿ, ಅವಧಿ ಮುಗಿಯುವ ತಿಂಗಳ ಪ್ರಕಾರ ಹನ್ನೆರಡು ಗುಡ್ಡೆ ಮಾಡಿದೆ. ಆ ತಿಂಗಳಲ್ಲೇ ಮುಗಿಯುವ ಎರಡು ಕರಾರುಗಳು ಸಿಕ್ಕವು. ಹಾಗೆಯೇ ಬಿಟ್ಟಿದ್ದರೆ ನಾಲ್ವರು ಹುಡುಗರು ಬೀದಿಯಲ್ಲಿರುತ್ತಿದ್ದರು. ಕಚೇರಿಯ ಸ್ಥಳೀಯ ಸಹೋದರರು ನನ್ನ ಗುಡ್ಡೆಗಳನ್ನು ನೋಡಿ ಏನೂ ಹೇಳದೆ ಕುರ್ಚಿ ಎಳೆದುಕೊಂಡು ಕುಳಿತು, ಒಬ್ಬೊಬ್ಬ ಮನೆಮಾಲೀಕರ ಬಗ್ಗೆಯೂ, ಯಾರ ಬಳಿ ಫೋನಿನಲ್ಲಿ ಮಾತಾಡಿದರೆ ಸಾಕು, ಯಾರ ಮನೆಗೆ ಹೋಗಲೇಬೇಕು ಎಂದು ವಿವರಿಸಿದರು. ಅಂದಿನಿಂದ ನನಗೆ ಅಳು ಬಂದಿಲ್ಲ.

ಸಂಜೆ ಒಂದೇ ಕೋಣೆಯಲ್ಲಿ ಇಬ್ಬರೂ ಇರುವುದಕ್ಕೆ ಮಾತ್ರ ಇನ್ನೂ ರೂಢಿಯಾಗಬೇಕು. ಮನೆಯಲ್ಲಿ ಅವರಿಗೆ ಗ್ಯಾರೇಜ್ ಇತ್ತು, ನನಗೆ ತೋಟವಿತ್ತು.

ಮಗಳ ಬಳಿ ನಾನೂ "ಯಾವ ವಾರ?" ಎಂದೇ ಕೇಳಿದೆ. ಅವಳು ಒಂದು ದಿನ ಯೋಚಿಸಿ, ಮಗು ಹುಟ್ಟಿದ ಐದನೆಯ ವಾರ ಬಾ ಅಮ್ಮ ಎಂದಳು. ಅಧ್ಯಕ್ಷರು ಒಪ್ಪಿದ್ದಾರೆ, ಟಿಕೆಟ್ ನಾವೇ ಕೊಂಡಿದ್ದೇವೆ, ನಾನೊಬ್ಬಳೇ ಹೋಗಿ ಬರುತ್ತೇನೆ. ಆ ದಿನಗಳಲ್ಲಿ ಹನ್ನೆರಡು ಗುಡ್ಡೆಗಳನ್ನು ನೋಡಿಕೊಳ್ಳಲು ನನ್ನವರಿಗೆ ಕಲಿಸುತ್ತಿದ್ದೇನೆ. ಸೆಪ್ಟೆಂಬರ್ ಗುಡ್ಡೆಯನ್ನು ನಿನ್ನೆ ಅವರು ಆಗಸ್ಟ್ ಮೇಲೆ ಇಟ್ಟಿದ್ದರು.

ಬಾಗಿಲಲ್ಲಿ ಇಬ್ಬರು ಎಲ್ಡರ್‌ಗಳು, ಅಂದರೆ ನಮ್ಮ ಯುವ ಮಿಷನರಿಗಳು, ನಿಂತಿದ್ದಾರೆ, ಒಬ್ಬನ ಕೈಯಲ್ಲಿ ನೀರು ಸೋಸುವ ಫಿಲ್ಟರಿನ ಮುರಿದ ನಲ್ಲಿ ಇದೆ. ಉಳಿದದ್ದನ್ನು ಮತ್ತೆ ಬರೆಯುತ್ತೇನೆ.